ಒಕವಾಂಗೊ ಟೆಂಟ್ ಕ್ಯಾಂಪಿಗೆ ಹೊರಟಿರುವ ನೆಂಟರಿಗೆ

ಟೆಂಟಿನ ಫೋಟೊ ನೋಡಿ ಕ್ಯಾಂಪ್ ಆರಿಸಬೇಡಿ. ನೀರು ಎಲ್ಲಿದೆ ಅಂತ ಕೇಳಿ ಆರಿಸಿ.

ನಾನು ಸಕಲೇಶಪುರದ ಕಡೆಯವಳು. ಈಗ ಬೋಟ್ಸ್ವಾನಾದ ರಾಜಧಾನಿ ಗ್ಯಾಬರೋನಿಯಲ್ಲಿ ಶಾಲಾಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಈ ದೇಶದಲ್ಲಿ ಮನೆ ಇದೆ ಅಂದಮೇಲೆ ಊರ ಕಡೆಯ ನೆಂಟರಿಗೆಲ್ಲ ನಾನೇ ಸಫಾರಿ ಆಫೀಸು. ಹಾಸನದ ಭಾವ, ಮೈಸೂರಿನ ಅತ್ತೆಮಗಳು, ಬೆಂಗಳೂರಿನ ಗೆಳತಿಯ ಗೆಳತಿ, ಎಲ್ಲರ ವಾಟ್ಸ್‌ಆ್ಯಪ್ ಮೆಸೇಜೂ ಒಂದೇ ಥರ: ಮರದ ಅಟ್ಟದ ಮೇಲೊಂದು ಟೆಂಟು, ಮಂಚಕ್ಕೆ ಬಿಳಿ ಸೊಳ್ಳೆಪರದೆ, ಹೊರಗೆ ತಾಮ್ರದ ಬಾತ್‌ಟಬ್ಬು, ಕೆಳಗೆ ‘ಇದು ಹೇಗೆ?’ ಎಂಬ ಪ್ರಶ್ನೆ. ಟೆಂಟು ಚೆನ್ನಾಗಿಯೇ ಇರುತ್ತದೆ ಮಾರಾಯರೆ, ಅಷ್ಟು ದುಡ್ಡು ಕೊಟ್ಟಮೇಲೆ ಚೆನ್ನಾಗಿರದೆ ಏನು? ಕೇಳಬೇಕಾದದ್ದು ಬೇರೆ. ನಾನು ಹೋಗುವ ತಿಂಗಳಲ್ಲಿ ಆ ಟೆಂಟಿನ ಮುಂದೆ ನೀರಿರುತ್ತದೋ, ಒಣಹುಲ್ಲಿರುತ್ತದೋ?

ಒಕವಾಂಗೊ ನದಿಯ ನೀರು ಹುಟ್ಟುವುದು ಅಂಗೋಲಾದ ಎತ್ತರದ ನಾಡಿನಲ್ಲಿ. ಕುಬಾಂಗೊ, ಕುಯಿಟೊ ಎಂಬ ಎರಡು ಹೊಳೆ ಕೂಡಿ, ನಮೀಬಿಯಾದ ಕಿರಿದಾದ ಪಟ್ಟಿಯೊಂದನ್ನು ದಾಟಿ, ಮೊಹೆಂಬೊ ಹತ್ತಿರ ಬೋಟ್ಸ್ವಾನಾದೊಳಗೆ ಬರುತ್ತವೆ. ಬಂದ ನೀರು ಸಮುದ್ರ ಸೇರುವುದಿಲ್ಲ. ಕಲಹಾರಿಯ ಮರಳಿನ ಮೇಲೆ ನೂರಾರು ಕವಲಾಗಿ ಹರಡಿಕೊಂಡು, ಬಿಸಿಲಿಗೆ ಆರಿ, ಗಿಡಮರಗಳ ಎಲೆಗಳಿಂದ ಆವಿಯಾಗಿ, ಉಳಿದದ್ದು ನೆಲಕ್ಕೆ ಇಂಗಿ ಮುಗಿಯುತ್ತದೆ. ಅಂಗೋಲಾದಲ್ಲಿ ಜೋರು ಮಳೆ ಜನವರಿ, ಫೆಬ್ರವರಿಗೆ. ಆದರೆ ಇಲ್ಲಿ ನೆಲ ಮಟ್ಟಸ, ದಾರಿಯುದ್ದಕ್ಕೂ ಪಪೈರಸ್ ಜೊಂಡು. ನೀರು ಹರಿಯುವುದಕ್ಕಿಂತ ತೆವಳಿಕೊಂಡು ಬರುತ್ತದೆ. ಏಪ್ರಿಲ್ ಹೊತ್ತಿಗೆ ಉತ್ತರದ ತುದಿಯಲ್ಲಿ ತುಂಬಿದ್ದು ದಕ್ಷಿಣದ ಮೌನ್ ಪಟ್ಟಣ ಮುಟ್ಟುವಾಗ ಜುಲೈ, ಆಗಸ್ಟ್ ಆಗಿರುತ್ತದೆ. ಅಂದರೆ ಇಲ್ಲಿ ಒಂದು ಹನಿ ಮಳೆಯಿಲ್ಲದ ಚಳಿಗಾಲದಲ್ಲಿ ಡೆಲ್ಟಾ, ಅಂದರೆ ನದಿ ಕವಲೊಡೆದು ಹರಡಿದ ಈ ಜಾಗ, ತುಂಬಿ ತುಳುಕುತ್ತದೆ. ಮಳೆ ಹಿಡಿದ ವಾರದೊಳಗೆ ಹೇಮಾವತಿ ಕೆಂಪಗೆ ಏರುವುದನ್ನು ನೋಡಿ ಬೆಳೆದ ನಮಗೆ ಈ ಲೆಕ್ಕ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕು.

ಈ ಲೆಕ್ಕ ತಿಳಿದರೆ ತಿಂಗಳು ಆರಿಸುವುದು ಸುಲಭ. ಜೂನ್‌ನಿಂದ ಆಗಸ್ಟ್: ನೀರು ಹೆಚ್ಚು, ಚಳಿ ಹೆಚ್ಚು, ದರವೂ ಹೆಚ್ಚು. ಕಾಡುನಾಯಿಗಳು ಮರಿ ಹಾಕಿ ಬಿಲದ ಹತ್ತಿರವೇ ಇರುವ ಕಾಲವೂ ಇದೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೀರು ಹಿಂದೆ ಸರಿಯುತ್ತದೆ, ಉಳಿದ ನೀರಿನ ಸುತ್ತ ಪ್ರಾಣಿಗಳು ಸೇರುತ್ತವೆ. ಆದರೆ ಅಕ್ಟೋಬರ್‌ನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಕ್ಯಾನ್ವಾಸ್ ಟೆಂಟಿನೊಳಗೆ ಮಧ್ಯಾಹ್ನ ಮಲಗುವುದು ಶಿಕ್ಷೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿಯ ಮಳೆಗಾಲ. ದರ ಇಳಿಯುತ್ತದೆ, ವಲಸೆ ಹಕ್ಕಿಗಳು ಬಂದಿರುತ್ತವೆ, ಹುಲ್ಲು ಆಳೆತ್ತರ ಬೆಳೆದು ಚಿರತೆ ಎದುರಿಗಿದ್ದರೂ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಮೇ ತಿಂಗಳು. ಹುಲ್ಲು ಇನ್ನೂ ಹಸಿರು, ಧೂಳಿಲ್ಲ, ಉತ್ತರದ ಕ್ಯಾಂಪುಗಳಲ್ಲಿ ನೀರು ಬಂದಾಗಿರುತ್ತದೆ, ಚಳಿ ಕಡಿಮೆ. ಮಕ್ಕಳ ರಜೆ ನೋಡಿಕೊಂಡು ಬರುವವರಿಗೂ ಮೇ ಮೊದಲ ಭಾಗ ಹೊಂದುತ್ತದೆ.

ಇನ್ನು ಕ್ಯಾಂಪು. ನೀರಿನ ಕ್ಯಾಂಪು, ನೆಲದ ಕ್ಯಾಂಪು ಅಂತ ಎರಡು ಬಗೆ, ಎರಡೂ ಬೆರೆತದ್ದು ಮೂರನೆಯದು. ನೀರಿನ ಕ್ಯಾಂಪಿನಲ್ಲಿ ಓಡಾಟವೆಲ್ಲ ದೋಣಿಯಲ್ಲಿ. ಹಕ್ಕಿ, ಕಪ್ಪೆ, ನೈದಿಲೆ, ನೀರಾನೆ ಧಾರಾಳ, ಸಿಂಹ ಕಂಡರೆ ಅದೃಷ್ಟ. ನೆಲದ ಕ್ಯಾಂಪಿನಲ್ಲಿ ಜೀಪು ದೂರ ಹೋಗುತ್ತದೆ, ಸಿಂಹ, ಚಿರತೆ, ಕಾಡುನಾಯಿ ಸಿಗುವ ಸಾಧ್ಯತೆ ಹೆಚ್ಚು, ದೋಣಿ ಇರುವುದು ಅನುಮಾನ. ಭಾವನಿಗೆ ಹುಲಿಯಂಥದ್ದೇನಾದರೂ ನೋಡಿದರೇ ಸಮಾಧಾನ, ಅಕ್ಕನಿಗೆ ಸುಮ್ಮನೆ ನೀರಿನ ಮೇಲೆ ತೇಲಬೇಕು. ಇಂಥ ದಂಪತಿಗಳಿಗೆ ನಾನು ಹೇಳುವುದು: ಎರಡು ಕ್ಯಾಂಪು, ತಲಾ ಮೂರು ರಾತ್ರಿ, ಮೊದಲು ನೆಲ, ಆಮೇಲೆ ನೀರು. ಒಂದೊಂದು ರಾತ್ರಿಗೊಂದು ಕ್ಯಾಂಪು ಬದಲಿಸುವ ಪ್ಯಾಕೇಜುಗಳನ್ನು ಯಾರಾದರೂ ತೋರಿಸಿದರೆ ನಯವಾಗಿ ಬೇಡ ಅನ್ನಿ. ಬ್ಯಾಗು ಬಿಚ್ಚುವುದರಲ್ಲಿ, ಕಟ್ಟುವುದರಲ್ಲಿ ಅರ್ಧ ದಿನ ಹೋಗುತ್ತದೆ.

ಬುಕ್ ಮಾಡುವ ಮುಂಚೆ ಇಮೇಲಿನಲ್ಲಿ ಇಷ್ಟನ್ನು ಕೇಳಿ, ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ: ನಾವು ಬರುವ ವಾರದಲ್ಲಿ ಮೊಕೊರೊ, ಅಂದರೆ ಗಳು ಊರಿ ತಳ್ಳುವ ದೋಣಿ, ನಡೆಯುತ್ತದೆಯೇ? ನೀರು ಸಾಲದಿದ್ದರೆ ಅದರ ಬದಲಿಗೆ ಏನು? ಇದು ಸುಮ್ಮನೆ ಹೆದರಿಸುವ ಮಾತಲ್ಲ. 2019ರಲ್ಲಿ ಪ್ರವಾಹ ತೀರಾ ಬಡವಾಗಿತ್ತು; ಸದಾ ನೀರಿರುತ್ತಿದ್ದ ಕಾಲುವೆಗಳಲ್ಲೂ ಕೆಸರು ಬಿರುಕು ಬಿಟ್ಟಿತ್ತು. ಫೋಟೊ ಮಾತ್ರ ತುಂಬಿದ ವರ್ಷದ್ದೇ ಹಾಕಿರುತ್ತಾರೆ.

ಇನ್ನೊಂದು ಪ್ರಶ್ನೆ: ಕ್ಯಾಂಪು ಮೊರೆಮಿ ಅಭಯಾರಣ್ಯದ ಒಳಗಿದೆಯೋ, ಪಕ್ಕದ ಕನ್ಸೆಷನ್ನಿನಲ್ಲಿದೆಯೋ? ಮೊರೆಮಿ 1963ರಲ್ಲಿ ಶುರುವಾದದ್ದು. ಅಲ್ಲಿಯ ಬಟವಾನಾ ಜನರೇ ತಮ್ಮ ನೆಲದಲ್ಲಿ ಬೇಟೆ ನಿಲ್ಲಿಸಬೇಕೆಂದು ತೀರ್ಮಾನಿಸಿ ಬಿಟ್ಟುಕೊಟ್ಟ ಕಾಡು ಅದು. ಒಳಗೆ ನಿಯಮ ಬಿಗಿ. ದಾರಿ ಬಿಟ್ಟು ಜೀಪು ಇಳಿಸುವಂತಿಲ್ಲ, ಕತ್ತಲಾದ ಮೇಲೆ ಸುತ್ತುವಂತಿಲ್ಲ. ಕನ್ಸೆಷನ್ ಅಂದರೆ ಸರ್ಕಾರದಿಂದ ಅಥವಾ ಹಳ್ಳಿಯವರ ಟ್ರಸ್ಟಿನಿಂದ ಕಂಪನಿ ಗುತ್ತಿಗೆಗೆ ಪಡೆದ ಜಾಗ. ಅಲ್ಲಿ ಚಿರತೆಯ ಹಿಂದೆ ಪೊದೆಯೊಳಗೆ ಹೋಗಬಹುದು, ರಾತ್ರಿ ದೀಪ ಹಿಡಿದು ತಿರುಗಬಹುದು, ಕಾಲ್ನಡಿಗೆಯೂ ಸಾಧ್ಯ. ಒಂದು ಪ್ರಾಣಿಯ ಸುತ್ತ ಎರಡು ಮೂರು ಗಾಡಿಗಿಂತ ಹೆಚ್ಚು ನಿಲ್ಲಿಸುವುದಿಲ್ಲ. ಕಬಿನಿಯಲ್ಲಿ ಒಂದು ಹುಲಿಗೆ ಸಾಲುಗಟ್ಟಿ ನಿಂತ ಜೀಪುಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಬೆಲೆ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ದರ ಡಾಲರಿನಲ್ಲಿ, ತಲೆಗಿಷ್ಟು ಎಂಬ ಲೆಕ್ಕದಲ್ಲಿ. ನಮ್ಮವರು ಇದನ್ನು ರೂಮಿನ ಬಾಡಿಗೆ ಅಂದುಕೊಂಡು ಖುಷಿಪಡುತ್ತಾರೆ, ಆಮೇಲೆ ಎರಡರಿಂದ ಗುಣಿಸಿ ಫೋನ್ ಮಾಡುತ್ತಾರೆ. ಐಷಾರಾಮಿ ಕ್ಯಾಂಪೆಂದರೆ ಒಬ್ಬರಿಗೆ ಒಂದು ರಾತ್ರಿಗೆ ಸಾವಿರ ಡಾಲರಿನಿಂದ ಮೇಲಕ್ಕೆ. ಡೆಲ್ಟಾದೊಳಗಿನ ಚೀಫ್ಸ್ ಐಲ್ಯಾಂಡ್ ದ್ವೀಪದ ಕಡೆಯ ಮೊಂಬೊದಂಥ ಹೆಸರಾಂತ ಕ್ಯಾಂಪುಗಳು ಜುಲೈಯಲ್ಲಿ ಎರಡು ಸಾವಿರವನ್ನೂ ದಾಟಿ ಎಲ್ಲೋ ಹೋಗಿರುತ್ತವೆ. ಊಟ, ತಿಂಡಿ, ಪಾನೀಯ, ಸಫಾರಿ, ಬಟ್ಟೆ ಒಗೆಯುವುದು ಎಲ್ಲ ಅದರಲ್ಲೇ. ಸಣ್ಣ ವಿಮಾನದ ಟಿಕೆಟು ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ. ಇಷ್ಟೇಕೆ ಅಂದರೆ, ಕಡಿಮೆ ಜನ, ಹೆಚ್ಚು ದರ ಎಂಬುದೇ ಈ ಸರ್ಕಾರದ ನೀತಿ. ಒಂದು ಕ್ಯಾಂಪಿಗೆ ಹತ್ತು ಹನ್ನೆರಡು ಟೆಂಟು, ಸುತ್ತ ಸಾವಿರಾರು ಎಕರೆ ಖಾಲಿ. ನೀವು ಕೊಡುವ ದುಡ್ಡು ಆ ಖಾಲಿತನಕ್ಕೆ, ತಾಮ್ರದ ಟಬ್ಬಿಗಲ್ಲ. ಇಲ್ಲಿ ವಾಸವಿರುವ ನನಗೆ ಸಿಗುವ ರಿಯಾಯಿತಿ ನಿಮಗೆ ಸಿಗುವುದಿಲ್ಲ, ನನ್ನ ಹೆಸರು ಹೇಳಿದರೂ ಸಿಗುವುದಿಲ್ಲ.

ಕೈ ಕಚ್ಚುತ್ತದೆ ಅನ್ನುವವರು ಜನವರಿ, ಫೆಬ್ರವರಿಯ ದರ ನೋಡಿ. ಅದೂ ಹೆಚ್ಚಾಯಿತೆಂದರೆ ಮೌನ್‌ನಲ್ಲಿ ಉಳಿದುಕೊಂಡು, ಬೋರೊ ಕಡೆ ಊರಿನವರ ಕೊಪಾನೊ ಮೊಕೊರೊ ಟ್ರಸ್ಟ್ ನಡೆಸುವ ದಿನದ ದೋಣಿಗೆ ಹೋಗಿ ಬನ್ನಿ. ನೀರೂ ಅದೇ, ಆಕಾಶವೂ ಅದೇ.

ಬ್ಯಾಗು, ಬಟ್ಟೆ

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ದುಬೈ, ದೋಹಾ ಅಥವಾ ಅಡಿಸ್ ಅಬಾಬಾ ಮೂಲಕ ಜೊಹಾನ್ಸ್‌ಬರ್ಗ್, ಅಲ್ಲಿಂದ ಎರಡು ತಾಸಿನೊಳಗೆ ಮೌನ್. ಬೋಟ್ಸ್ವಾನಾದ ವೀಸಾ ಮೊದಲೇ ಮಾಡಿಸಿ. ಜೊಹಾನ್ಸ್‌ಬರ್ಗ್‌ನಲ್ಲಿ ವಿಮಾನ ನಿಲ್ದಾಣದಿಂದ ಹೊರಗೆ ಬಂದು ರಾತ್ರಿ ಕಳೆಯುವುದಾದರೆ ದಕ್ಷಿಣ ಆಫ್ರಿಕಾದ ವೀಸಾ ಬೇರೆ ಬೇಕು. ಮಕ್ಕಳಿದ್ದರೆ ಅಪ್ಪ ಅಮ್ಮ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ ಕೈಯಲ್ಲೇ ಇರಲಿ. ಆರೇಳು ವರ್ಷಕ್ಕಿಂತ ಚಿಕ್ಕವರನ್ನು ಹೆಚ್ಚಿನ ಕ್ಯಾಂಪುಗಳು ಸೇರಿಸಿಕೊಳ್ಳುವುದೇ ಇಲ್ಲ.

ಮೌನ್‌ನಿಂದ ಮುಂದಕ್ಕೆ ಸೆಸ್ನಾ ಕ್ಯಾರವಾನಿನಂಥ ಪುಟ್ಟ ವಿಮಾನ, ಹನ್ನೆರಡು ಜನಕ್ಕೆ ಮೇಲಿಲ್ಲ. ಇಲ್ಲಿಯೇ ನಮ್ಮವರ ಪರದಾಟ. ಸಾಮಾನಿನ ಮಿತಿ ಒಬ್ಬರಿಗೆ 20 ಕಿಲೊ, ಕ್ಯಾಮೆರಾ, ಕೈಚೀಲ ಎಲ್ಲ ಸೇರಿ. ಕೆಲವು ಕಂಪನಿಗಳಲ್ಲಿ ಇನ್ನೂ ಕಡಿಮೆ. ಬ್ಯಾಗು ಮೆತ್ತಗಿರಬೇಕು, ಚಕ್ರ, ಗಟ್ಟಿ ಚೌಕಟ್ಟು ಇರಕೂಡದು. ವಿಮಾನದ ಹೊಟ್ಟೆಯ ಕೆಳಗಿನ ಪೆಟ್ಟಿಗೆಯೊಳಗೆ ಪೈಲಟ್ಟೇ ಅದನ್ನು ಅದುಮಿ ತುರುಕುತ್ತಾನೆ. ಊರಲ್ಲಿ ಮದುವೆಮನೆಗೆ ಒಯ್ಯುವ ಬಟ್ಟೆಯ ಏರ್‌ಬ್ಯಾಗೇ ಇದಕ್ಕೆ ಸರಿ. ಮೈತೂಕ ನೂರು ಕಿಲೊ ದಾಟಿದವರು ಮುಂಚೆಯೇ ತಿಳಿಸಬೇಕು. ನಾಚಿಕೊಳ್ಳುವಂಥದ್ದೇನಿಲ್ಲ, ವಿಮಾನದ ಸಮತೋಲದ ಪ್ರಶ್ನೆ. ಬೆಳಗಿನ ವಿಮಾನ ಕೇಳಿ ಪಡೆಯಿರಿ, ಮಧ್ಯಾಹ್ನದ ಬಿಸಿಗಾಳಿಗೆ ಅದು ಸಕತ್ತಾಗಿ ಕುಲುಕುತ್ತದೆ. ಒಳಗೆ ಶೌಚಾಲಯವಿಲ್ಲ, ಹತ್ತುವ ಮುಂಚೆ ಮುಗಿಸಿಕೊಳ್ಳಿ. ಕಿಟಕಿ ಪಕ್ಕ ಕೂತು ಕೆಳಗೆ ನೋಡುತ್ತಾ ಇದ್ದರೆ ನೀರಾನೆಗಳು ಜೊಂಡು ಸೀಳಿ ಮಾಡಿದ ದಾರಿಗಳು ಗೆರೆ ಎಳೆದಂತೆ ಕಾಣುತ್ತವೆ. ನೀರು ಹರಿಯುವುದೂ ಆ ದಾರಿಗಳಲ್ಲೇ.

ಬಟ್ಟೆ ಮೂರು ಜೊತೆ ಸಾಕು, ದಿನಾ ಒಗೆದು ಇಸ್ತ್ರಿ ಮಾಡಿ ಮಂಚದ ಮೇಲಿಡುತ್ತಾರೆ. ಒಳ ಉಡುಪನ್ನು ಮಾತ್ರ ಬಹಳ ಕಡೆ ಒಗೆಯುವುದಿಲ್ಲ, ಅದು ಇಲ್ಲಿಯ ಸಂಕೋಚ. ಸೋಪಿನ ಪುಡಿ ಟೆಂಟಿನಲ್ಲಿಟ್ಟಿರುತ್ತಾರೆ, ನೀವೇ ಹಿಂಡಿಕೊಳ್ಳಿ. ಮಣ್ಣುಬಣ್ಣ, ಖಾಕಿ, ಮಾಸಲು ಹಸಿರು ಒಳ್ಳೆಯದು. ಬಿಳಿ ಬೇಡ, ಸಂಜೆಗೆ ಧೂಳು. ಸೀರೆ ಉಟ್ಟು ಸಫಾರಿ ಗಾಡಿ ಹತ್ತಬಹುದೇ ಅಂತ ದೊಡ್ಡಮ್ಮ ಕೇಳಿದ್ದರು. ಹತ್ತಬಹುದು, ಇಳಿಯುವುದು ಕಷ್ಟ. ಲ್ಯಾಂಡ್ ಕ್ರೂಸರಿನ ಮೆಟ್ಟಿಲು ಮೊಣಕಾಲೆತ್ತರ. ಚೂಡಿದಾರವೋ ಪ್ಯಾಂಟೋ ಇರಲಿ.

ಆಫ್ರಿಕಾ ಅಂದರೆ ಸೆಕೆ ಎಂದು ನಂಬಿ ಜುಲೈಯಲ್ಲಿ ತೆಳುಬಟ್ಟೆ ತರಬೇಡಿ. ಬೆಳಗಿನ ಜಾವ ಐದಾರು ಡಿಗ್ರಿ, ಬದಿಗೆ ಗಾಜಿಲ್ಲದ ಗಾಡಿ, ಎದುರುಗಾಳಿ. ಗಾಡಿಯಲ್ಲಿ ಕಂಬಳಿ, ಮಡಿಲಿಗೆ ಬಿಸಿನೀರಿನ ರಬ್ಬರ್ ಚೀಲ ಕೊಡುತ್ತಾರೆ, ಸಾಲುವುದಿಲ್ಲ. ಸ್ವೆಟರು, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟು, ಕೈಗವಸು. ಮಂಕಿ ಕ್ಯಾಪ್ ತನ್ನಿ. ಊಟಿಯಲ್ಲಿ ಅದನ್ನು ಹಾಕಿದ್ದಕ್ಕೆ ನಕ್ಕ ಮಕ್ಕಳೇ ಇಲ್ಲಿ ನಿಮ್ಮಿಂದ ಕಿತ್ತುಕೊಳ್ಳುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಎಲ್ಲ ಕಳಚಿ ಅಂಗಿಯಲ್ಲಿ ಕೂತಿರುತ್ತೀರಿ.

ಪ್ಲಗ್ಗಿನ ಬಗ್ಗೆ ಚಿಂತೆ ಬೇಡ. ಇಲ್ಲಿಯ ದಪ್ಪ ಮೂರು ಉರುಟು ಕಡ್ಡಿಯ ಪ್ಲಗ್ಗು ನಮ್ಮ ಮನೆಯ ಗೀಸರಿನ ಪವರ್ ಪ್ಲಗ್ಗಿನ ಅಳತೆಯೇ, ಅದಕ್ಕೂ ನಮ್ಮ ಸಣ್ಣ ಪ್ಲಗ್ಗಿಗೂ ಹೊಂದುವ ಒಂದು ಅಡಾಪ್ಟರ್ ಊರಿನಿಂದಲೇ ತನ್ನಿ. ಕ್ಯಾಂಪು ನಡೆಯುವುದು ಸೋಲಾರಿನಲ್ಲಿ, ಹೇರ್ ಡ್ರೈಯರು ತರಬೇಡಿ. ಡ್ರೋನ್ ಕೂಡ ಬೇಡ, ಪರವಾನಗಿಯಿಲ್ಲದೆ ಹಾರಿಸುವಂತಿಲ್ಲ. ಬೈನಾಕ್ಯುಲರ್ ಮಾತ್ರ ತಲೆಗೊಂದು ಇರಲೇಬೇಕು, 8x42 ಸಾಕು. ಗಂಡ ಹೆಂಡತಿಗೆ ಒಂದೇ ಅಂದರೆ ಹಕ್ಕಿ ಹಾರಿಹೋದಮೇಲೆ ಜಗಳ ಉಳಿಯುತ್ತದೆ. ಫೋನಿನ ಸಿಗ್ನಲ್ ಮೌನ್‌ಗೆ ಮುಗಿಯಿತು. ವೈಫೈ ಇದ್ದರೂ ನಿಧಾನ. ಊರಿಗೆ ಮುಂಚೆಯೇ ಹೇಳಿಟ್ಟು ಬನ್ನಿ, ಇಲ್ಲದಿದ್ದರೆ ನಿಮ್ಮ ಅಮ್ಮ ನನಗೆ ಫೋನ್ ಮಾಡುತ್ತಾರೆ.

ಮಾತ್ರೆ, ಸೂಜಿ

ಡೆಲ್ಟಾದಲ್ಲಿ ಮಲೇರಿಯಾ ಇದೆ, ಮಳೆಗಾಲದಲ್ಲಿ ಹೆಚ್ಚು. ಹೊರಡುವ ತಿಂಗಳ ಮುಂಚೆಯೇ ವೈದ್ಯರನ್ನು ಕಂಡು ಮುನ್ನೆಚ್ಚರಿಕೆ ಮಾತ್ರೆ ಬರೆಸಿಕೊಳ್ಳಿ. ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ ವಾಪಸಾದ ಮೇಲೂ ಏಳು ದಿನ, ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ ನುಂಗಬೇಕು. ಊರಿಗೆ ಬಂದೆವಲ್ಲ ಎಂದು ನಿಲ್ಲಿಸುವವರೇ ಹೆಚ್ಚು. ಹಿಂತಿರುಗಿದ ಕೆಲವು ವಾರಗಳಲ್ಲಿ ಜ್ವರ ಬಂದರೆ ವೈರಲ್ ಇರಬೇಕೆಂದು ಕಾಯದೆ ಆಸ್ಪತ್ರೆಗೆ ಹೋಗಿ ‘ಆಫ್ರಿಕಾದಿಂದ ಬಂದಿದ್ದೇನೆ’ ಎಂಬ ಮಾತನ್ನು ಮೊದಲು ಹೇಳಿ.

ಹಳದಿ ಜ್ವರದ ಲಸಿಕೆಯ ವಿಷಯ ಸ್ವಲ್ಪ ಸೂಕ್ಷ್ಮ. ಬೋಟ್ಸ್ವಾನಾದಲ್ಲಿ ಆ ರೋಗವಿಲ್ಲ. ಆದರೆ ಇಥಿಯೋಪಿಯಾ, ಕೆನ್ಯಾ ಅಪಾಯದ ಪಟ್ಟಿಯಲ್ಲಿವೆ. ಅಡಿಸ್ ಅಥವಾ ನೈರೋಬಿ ಮೂಲಕ ಬಂದು ಹೋಗುವವರನ್ನು ಇಲ್ಲಿಯೂ ಕೇಳಬಹುದು, ಮರಳುವಾಗ ಭಾರತದಲ್ಲೂ ಕೇಳಬಹುದು. ಭಾರತದ ಅಧಿಕಾರಿಗಳು ಈ ವಿಷಯದಲ್ಲಿ ಬಿಗಿ, ಪ್ರಮಾಣಪತ್ರವಿಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇಡುವ ಅಧಿಕಾರ ಅವರಿಗಿದೆ. ಆ ದಾರಿಯಲ್ಲಿ ಬರುವುದಾದರೆ ಹೊರಡುವ ಕನಿಷ್ಠ ಹತ್ತು ದಿನ ಮುಂಚೆ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಹಾಕಿಸಿಕೊಂಡು ಹಳದಿ ಪುಸ್ತಕ ಪಾಸ್‌ಪೋರ್ಟಿನ ಜೊತೆಗಿಡಿ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಆಯಿತು. ಜೊತೆಗೆ, ವಿಮಾನದಲ್ಲಿ ಎತ್ತಿ ಸಾಗಿಸುವ ಖರ್ಚು ಸೇರಿದ ವಿಮೆ ಮಾಡಿಸಿ. ಎಷ್ಟೋ ಕ್ಯಾಂಪುಗಳಿಂದ ಆಸ್ಪತ್ರೆಗೆ ರಸ್ತೆಯೇ ಇರುವುದಿಲ್ಲ.

ಕ್ಯಾಂಪಿನೊಳಗೆ

ವಿಮಾನ ಇಳಿಯುವುದು ಮಣ್ಣಿನ ಪಟ್ಟಿಯ ಮೇಲೆ. ಗೈಡು ಗಾಡಿ ತಂದು ಕಾಯುತ್ತಿರುತ್ತಾನೆ. ‘ದುಮೆಲಾ ರ್ರಾ’ ಅನ್ನಿ, ಹೆಂಗಸಾದರೆ ‘ದುಮೆಲಾ ಮ್ಮಾ’. ಇಲ್ಲಿ ನಮಸ್ಕಾರ ಹೇಳದೆ ಕೆಲಸದ ಮಾತಿಗೆ ಇಳಿಯುವುದು ಒರಟುತನ, ‘ನೀರು ಕೊಡಿ’ ಎನ್ನುವ ಮುಂಚೆಯೂ ದುಮೆಲಾ ಬೇಕು.

ಹೋದ ಕೂಡಲೇ ಒಂದು ಕಾಗದಕ್ಕೆ ಸಹಿ ಹಾಕಿಸುತ್ತಾರೆ: ಏನಾದರೂ ಆದರೆ ನಮ್ಮ ಹೊಣೆಯಲ್ಲ ಅಂತ. ಆಮೇಲೆ ಮ್ಯಾನೇಜರ್ ನಿಯಮ ಹೇಳುತ್ತಾರೆ. ದಣಿದಿರುತ್ತೀರಿ, ಜ್ಯೂಸಿನ ಲೋಟ ಕೈಯಲ್ಲಿರುತ್ತದೆ, ಕಿವಿ ಅತ್ತ ಇರುವುದಿಲ್ಲ. ದಯವಿಟ್ಟು ಕೇಳಿಸಿಕೊಳ್ಳಿ. ಕ್ಯಾಂಪಿಗೆ ಬೇಲಿಯಿಲ್ಲ. ಅಟ್ಟದ ಹಾದಿಯ ಕೆಳಗೆ, ಟೆಂಟುಗಳ ನಡುವೆ ಪ್ರಾಣಿಗಳು ತಮ್ಮ ಪಾಡಿಗೆ ತಾವು ಓಡಾಡುತ್ತವೆ. ಕತ್ತಲಾದ ಮೇಲೆ ಊಟದ ಜಾಗಕ್ಕೆ ಹೋಗಲಿಕ್ಕೂ ಬರಲಿಕ್ಕೂ ಗೈಡು ಬಂದು ಕರೆದೊಯ್ಯಬೇಕು. ‘ಇಲ್ಲೇ ಪಕ್ಕದಲ್ಲೇ ಅಲ್ಲವಾ’ ಎಂದು ಹೊರಡುವಂತಿಲ್ಲ. ನೀರಾನೆ ಹಗಲೆಲ್ಲ ನೀರಲ್ಲಿದ್ದು ರಾತ್ರಿ ಮೇಯಲು ಮೇಲೆ ಬರುತ್ತದೆ. ಅದಕ್ಕೂ ನೀರಿಗೂ ನಡುವೆ ಮನುಷ್ಯ ಸಿಕ್ಕಿಕೊಂಡರೆ ಅದು ದಾರಿ ಬಳಸುವುದಿಲ್ಲ, ನೇರ ಬರುತ್ತದೆ.

ಆನೆಯ ವಿಷಯಕ್ಕೆ ನಮ್ಮ ಕಡೆಯವರಿಗೆ ವಿಶೇಷ ಸೂಚನೆ. ಸಕಲೇಶಪುರ, ಆಲೂರಿನ ಕಡೆ ತೋಟಕ್ಕೆ ಆನೆ ಬಂತೆಂದರೆ ಪಟಾಕಿ, ಕೂಗಾಟ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಚ್ಚರಿಕೆ. ನಮ್ಮ ಮೈಯಲ್ಲೇ ಆ ಭಯ ಇದೆ, ಇರಬೇಕಾದದ್ದೇ. ಅಲ್ಲಿ ಆನೆ ಮನುಷ್ಯರ ಜೊತೆ ಹೋರಾಡಿ ಬೇಸತ್ತಿದೆ. ಇಲ್ಲಿಯ ಕ್ಯಾಂಪಿನ ಆನೆ ತಾಳೆಹಣ್ಣಿಗೆ ಬಂದಿರುತ್ತದೆ. ಹಣೆಯನ್ನು ಮರಕ್ಕೆ ಕೊಟ್ಟು ಅಲ್ಲಾಡಿಸುತ್ತದೆ, ಕಾಯಿ ಧಪಧಪ ಬೀಳುತ್ತದೆ, ಒಂದೊಂದೇ ಹೆಕ್ಕುತ್ತದೆ. ನೀವು ಅಟ್ಟದ ಮೇಲಿದ್ದರೆ ಮಾತು ನಿಲ್ಲಿಸಿ, ಹಿಂದೆ ಹೆಜ್ಜೆ ಇಟ್ಟು ಟೆಂಟಿನೊಳಗೆ ಬನ್ನಿ. ದಾರಿಯಲ್ಲಿದ್ದರೆ ಗೈಡಿನ ಬೆನ್ನಿಗೆ ನಿಲ್ಲಿ. ಸೆಲ್ಫಿ ಬೇಡ, ಚಪ್ಪಾಳೆ ಬೇಡ, ಓಟ ಬೇಡವೇ ಬೇಡ. ಊಟಕ್ಕೆ ಅರ್ಧ ಗಂಟೆ ತಡವಾದರೆ ಆಗಲಿ, ಅಡುಗೆಯವರಿಗೆ ಅಭ್ಯಾಸವಿದೆ.

ಟೆಂಟಿನಲ್ಲಿ ಒಂದು ಏರ್ ಹಾರ್ನ್ ಇಟ್ಟಿರುತ್ತಾರೆ. ಅದು ಪ್ರಾಣಾಪಾಯಕ್ಕೆ, ಕಾಯಿಲೆಗೆ, ಬೆಂಕಿಗೆ. ಅತ್ತೆಮಗಳು ಬಚ್ಚಲಲ್ಲಿ ಹಲ್ಲಿ ಕಂಡು ಒತ್ತಿದ್ದಳು. ನಿದ್ದೆಗಣ್ಣಲ್ಲಿ ಓಡಿಬಂದ ಮೂವರು ಗಂಡಸರು ಹಲ್ಲಿಯನ್ನು ಬಹಳ ಮರ್ಯಾದೆಯಿಂದ ಹೊರಗೆ ಕಳಿಸಿಕೊಟ್ಟರು.

ತಿನ್ನುವ ವಸ್ತು ಯಾವುದನ್ನೂ ಟೆಂಟಿನಲ್ಲಿ ಇಡಕೂಡದು. ಕೋತಿ, ಬಬೂನುಗಳಿಗೆ ಜಿಪ್ಪು ಎಳೆಯಲು ಬರುತ್ತದೆ. ನೀವು ತಂದ ಚಟ್ನಿಪುಡಿ, ಉಪ್ಪಿನಕಾಯಿ, ಕೋಡುಬಳೆ ಎಲ್ಲ ಹೋದ ದಿನವೇ ಅಡುಗೆಮನೆಗೆ ಒಪ್ಪಿಸಿ, ಊಟಕ್ಕೆ ಮೇಜಿಗೆ ತಂದುಕೊಡುತ್ತಾರೆ. ಸಸ್ಯಾಹಾರಿ ಎಂದು ಬುಕಿಂಗಿನಲ್ಲೇ ಬರೆಸಬೇಕು, ಜೊತೆಗೆ ‘ಮೀನೂ ಇಲ್ಲ, ಕೋಳಿಯೂ ಇಲ್ಲ, ಮಾಂಸದ ಸಾರೂ ಇಲ್ಲ’ ಎಂದು ಬಿಡಿಸಿ ಬರೆಸಿ. ಸಾಮಾನೆಲ್ಲ ವಿಮಾನದಲ್ಲೋ ಲಾರಿಯಲ್ಲೋ ಬರುವ ಜಾಗದಲ್ಲಿ ಅಂದೇ ಹೇಳಿದರೆ ಅವರು ತಾನೇ ಏನು ಮಾಡಿಯಾರು? ಬ್ರೆಡ್ಡು, ಸೂಪು, ಸಲಾಡು, ಪಾಸ್ತಾ ದಿನಾ ಇರುತ್ತದೆ, ಮೂರನೆಯ ದಿನಕ್ಕೆ ನಾಲಿಗೆ ಸಪ್ಪೆ. ಆಗ ಸಿಬ್ಬಂದಿ ತಮಗೆಂದು ಮಾಡಿಕೊಳ್ಳುವ ಬೊಗೊಬೆ, ಮೊರೊಗೊ ಕೇಳಿ. ಬೊಗೊಬೆ ಜೋಳದ ಹಿಟ್ಟಿನದು, ನಮ್ಮ ಮುದ್ದೆಗೆ ಅಣ್ಣನೋ ತಮ್ಮನೋ ಆಗಬೇಕು. ಮೊರೊಗೊ ಬೇಯಿಸಿದ ಸೊಪ್ಪು. ಚಟ್ನಿಪುಡಿ ಉದುರಿಸಿಕೊಂಡು ಕೈಯಲ್ಲೇ ಉಣ್ಣಿ, ಅಡುಗೆಯವರು ಬಂದು ನೋಡಿ ನಗುತ್ತಾರೆ, ಅವರೂ ಕೈಯಲ್ಲೇ ಉಣ್ಣುವವರು.

ದಿನಚರಿ ಎಲ್ಲ ಕ್ಯಾಂಪಿನಲ್ಲೂ ಒಂದೇ. ಐದೂವರೆಗೆ ಎಬ್ಬಿಸುತ್ತಾರೆ, ಬೆಂಕಿಯ ಸುತ್ತ ಕಾಫಿ, ಆರಕ್ಕೆಲ್ಲ ಹೊರಗೆ. ಹನ್ನೊಂದಕ್ಕೆ ವಾಪಸ್, ದೊಡ್ಡ ಊಟ, ನಿದ್ದೆ. ಮೂರೂವರೆಗೆ ಟೀ, ಮತ್ತೆ ಹೊರಗೆ, ಸೂರ್ಯ ಮುಳುಗುವಾಗ ಎಲ್ಲೋ ಬಯಲಲ್ಲಿ ಗಾಡಿ ನಿಲ್ಲಿಸಿ ಕುಡಿಯಲು ಏನಾದರೂ, ಎಂಟಕ್ಕೆ ಊಟ. ನಡುವೆ ಶೌಚಕ್ಕೆ ಪೊದೆಯೇ ಗತಿ. ಗೈಡು ಮೊದಲು ಸುತ್ತ ನೋಡಿ ಬಂದು ಗಾಡಿಯ ಹಿಂಬದಿ ತೋರಿಸುತ್ತಾನೆ. ಹೆಂಗಸರು ಸಂಕೋಚಪಟ್ಟು ನೀರು ಕುಡಿಯದೆ ಕೂತು ತಲೆನೋವು ತಂದುಕೊಳ್ಳುತ್ತಾರೆ. ಮಾಡಬೇಡಿ.

ಗೈಡಿನ ಜೊತೆ ಮೊದಲ ಸಂಜೆಯೇ ಕೂತು ಮಾತಾಡಿ. ಏನು ನೋಡಿದ್ದೀರಿ, ಏನು ನೋಡಿಲ್ಲ, ಮಂಡಿನೋವಿದೆಯೇ, ಬೇಗ ಬೇಸರವಾಗುತ್ತದೆಯೇ, ಎಲ್ಲ. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಖಡ್ಗಮೃಗ ಎಂಬ ಐದು ಪ್ರಾಣಿಯ ಪಟ್ಟಿ ಕೈಯಲ್ಲಿ ಹಿಡಿದು ಗುರುತು ಹಾಕುತ್ತಾ ಕೂರಬೇಡಿ, ಅವನ ಉತ್ಸಾಹ ಇಳಿದುಹೋಗುತ್ತದೆ. ಬದಲಿಗೆ ದ್ವೀಪಗಳು ಹೇಗಾದವು ಕೇಳಿ ನೋಡಿ. ಎಷ್ಟೋ ದ್ವೀಪಗಳು ಶುರುವಾದದ್ದು ಒಂದು ಗೆದ್ದಲಹುತ್ತದಿಂದ. ಪ್ರವಾಹದಲ್ಲಿ ಒಣಗಿ ಉಳಿದ ಆ ದಿಬ್ಬದ ಮೇಲೆ ಹಕ್ಕಿ ಕೂತು ಬೀಜ ಹಾಕಿತು, ಮರ ಎದ್ದಿತು. ಮರಗಳು ಸುತ್ತಲಿನ ನೀರನ್ನು ಬೇರಿನಿಂದ ಹೀರಿ ಎಲೆಯಿಂದ ಬಿಡುತ್ತವೆ, ಆದರೆ ನೀರಿನಲ್ಲಿದ್ದ ಉಪ್ಪು ಮಣ್ಣಿನಲ್ಲೇ ಉಳಿದು ದ್ವೀಪದ ನಡುವಿಗೆ ಸೇರುತ್ತದೆ. ಅದಕ್ಕೇ ದೊಡ್ಡ ದ್ವೀಪಗಳ ಅಂಚಿನಲ್ಲಿ ದಟ್ಟ ಮರ, ನಡುವೆ ಬೋಳು ಬಿಳಿ ನೆಲ. ಸುತ್ತ ನೀರು ಸಿಹಿಯಾಗಿ ಉಳಿದಿರುವುದೂ ಈ ದ್ವೀಪಗಳು ಉಪ್ಪನ್ನು ಹಿಡಿದಿಟ್ಟುಕೊಂಡದ್ದರಿಂದಲೇ. ಇಷ್ಟು ಬಿಸಿಲಿನಲ್ಲಿ ಇಷ್ಟು ನೀರು ಆರಿಹೋಗುವ ಜಾಗ ಉಪ್ಪಿನ ಬಯಲಾಗಿ ಹೋಗಬೇಕಿತ್ತು, ಆಗಿಲ್ಲ. ಇದನ್ನು ತಿಳಿದಮೇಲೆ ಗಾಡಿಯಲ್ಲಿ ‘ಸಿಂಹ ಎಲ್ಲಿ’ ಎಂಬ ಪ್ರಶ್ನೆ ಸ್ವಲ್ಪ ಹೊತ್ತು ಮರೆಯುತ್ತದೆ. 2014ರಲ್ಲಿ ಯುನೆಸ್ಕೊ ತನ್ನ ವಿಶ್ವಪರಂಪರೆ ಪಟ್ಟಿಯ ಸಾವಿರನೆಯ ತಾಣವಾಗಿ ಸೇರಿಸಿಕೊಂಡದ್ದು ಇದನ್ನೇ.

ಮೊಕೊರೊದ ಮೇಲೆ

ಇಡೀ ಪ್ರವಾಸದಲ್ಲಿ ಒಂದನ್ನಂತೂ ತಪ್ಪಿಸಬಾರದು ಎಂದರೆ ನಾನು ಹೇಳುವುದು ಮೊಕೊರೊ. ಉದ್ದ, ಕಿರಿದು, ತಳ ಸಪಾಟಾದ ದೋಣಿ. ಮುಂದೆ ಇಬ್ಬರು ಕೂರಬಹುದು, ಹಿಂದೆ ಅಂಬಿಗ ನಿಂತು ಉದ್ದ ಗಳು ಊರಿ ತಳ್ಳುತ್ತಾನೆ. ಬಯೇಯಿ ಜನರ ವಿದ್ಯೆ ಇದು. ಹಿಂದೆ ದೊಡ್ಡ ಮರದ ಕಾಂಡವನ್ನೇ ಕೊರೆದು ಮಾಡುತ್ತಿದ್ದರು. ಹಳೆಯ ಮರಗಳು ಉಳಿಯಲಿ ಎಂದು ಈಗ ಕ್ಯಾಂಪುಗಳಲ್ಲಿ ಅದೇ ಆಕಾರದ ಫೈಬರ್‌ಗ್ಲಾಸ್ ದೋಣಿ.

ಹತ್ತುವಾಗ ನಡುವಿಗೆ ಕಾಲಿಡಿ, ಕೂತಮೇಲೆ ಕಾಲು ನೀಡಿ, ಆಮೇಲೆ ಅಲುಗಬೇಡಿ. ಅತ್ತಿತ್ತ ತೂಗಿದಂತಾದರೆ ಹೆದರಿ ಎದುರು ಬದಿಗೆ ವಾಲುವುದೇ ತಪ್ಪು, ಸಮತೋಲ ಅಂಬಿಗನ ಕೆಲಸ, ನಿಮ್ಮದಲ್ಲ. ಮಂಡಿ ಮಡಚಲಾಗದವರು ಬೆನ್ನಿಗೆ ಒರಗುವ ಪೀಠ ಕೇಳಿ. ಫೋನನ್ನು ನೀರು ಹೋಗದ ಚೀಲದಲ್ಲಿ ಕೊರಳಿಗೆ ಹಾಕಿಕೊಳ್ಳಿ. ಕೈ ನೀರಿಗೆ ಬಿಡಬೇಡಿ, ಮೊಸಳೆ ಇರುವ ನೀರು. ಆಳವಾದ ಕಾಲುವೆ ನೀರಾನೆಗಳದ್ದು, ಅಂಬಿಗ ಮೊಣಕಾಲುದ್ದದ ಹುಲ್ಲುನೀರಿನಲ್ಲೇ ಒಯ್ಯುತ್ತಾನೆ. ಅವನು ನಿಂತರೆ ಏಕೆಂದು ಕೂಗಿ ಕೇಳಬೇಡಿ. ಕಿವಿಗೊಡುತ್ತಿರುತ್ತಾನೆ.

ಕೂತ ಜಾಗ ನೀರಿಗೆ ಅಷ್ಟು ಹತ್ತಿರ. ಜೊಂಡಿನ ಕಡ್ಡಿಗೆ ಉಗುರಿನಷ್ಟೇ ದೊಡ್ಡ ಬಣ್ಣದ ಕಪ್ಪೆ ಅಂಟಿಕೊಂಡಿರುವುದು ಕಣ್ಣಿನ ಮಟ್ಟದಲ್ಲೇ ಬರುತ್ತದೆ. ನೈದಿಲೆ ಎಲೆಯ ಮೇಲೆ ಉದ್ದ ಬೆರಳ ಜಕಾನಾ ಹಕ್ಕಿ ನಡೆಯುತ್ತದೆ. ದೂರದಲ್ಲಿ ಲೆಚ್ವೆ ಜಿಂಕೆಗಳು ಹೆದರಿ ನೀರಿಗೆ ಬಿದ್ದು ಓಡಿದರೆ ಛಳಛಳ ಸದ್ದು ಬಯಲ ತುಂಬ. ಅವುಗಳ ಗೊರಸು ಉದ್ದ, ಒಣನೆಲದಲ್ಲಿ ಸೋಮಾರಿ, ನೀರಿನಲ್ಲಿ ಮಿಂಚು. ಕ್ಯಾಮೆರಾಗಿಂತ ಬೈನಾಕ್ಯುಲರ್ 
ಇಲ್ಲಿ ಉಪಯೋಗ, ಅದಕ್ಕಿಂತ ಬಾಯಿ ಮುಚ್ಚಿ ಕೂರುವುದು ಉಪಯೋಗ. ಗಾಳಿ ಏಳುವ ಮುಂಚಿನ ಬೆಳಗ್ಗೆ ಕೇಳಿಕೊಳ್ಳಿ, ಸಂಜೆ ಸೊಳ್ಳೆ.

ರಾತ್ರಿಯ ಸದ್ದುಗಳಿಗೆ ಮೊದಲೇ ಸಿದ್ಧರಾಗಿರಿ, ಇಲ್ಲದಿದ್ದರೆ ನಿದ್ದೆಯಿಲ್ಲ. ಹೊಟ್ಟೆಯಿಂದ ನಕ್ಕಂತೆ ಹೊ ಹೊ ಹೊ ಎನ್ನುವುದು ನೀರಾನೆ. ಗಾಜಿನ ಗೆಜ್ಜೆಯ ಟಿಣ್ ಟಿಣ್ ಸಾವಿರ ಸಲ ಕೇಳಿದರೆ ಅದು ಆ ಪುಟ್ಟ ಕಪ್ಪೆಗಳು. ಕೆಳಗಿನಿಂದ ಮೇಲಕ್ಕೆ ಏರುವ ‘ವೂಊಪ್’ ಕತ್ತೆಕಿರುಬ. ಗರಗಸ ಎಳೆದಂತಿದ್ದರೆ ಚಿರತೆ; ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಿಂಹದ ಗರ್ಜನೆ ಬಾಗಿಲಲ್ಲೇ ಇದೆ ಅನ್ನಿಸಿದರೂ ಮೈಲಿಗಟ್ಟಲೆ ದೂರವಿರಬಹುದು. ಜಿಪ್ಪು ಪೂರ್ತಿ ಎಳೆದು ಮಲಗಿ, ನಡುರಾತ್ರಿ ಹೊರಗೆ ಇಣುಕಬೇಡಿ, ಟಾರ್ಚನ್ನು ಕೈಗೆಟುಕುವಲ್ಲಿ ಇಡಿ.

ಹೊರಡುವ ದಿನ ಟಿಪ್ಸ್ ಕೊಡುವ ಪದ್ಧತಿಯಿದೆ. ಗೈಡಿಗೆ ಒಬ್ಬ ಅತಿಥಿಯಿಂದ ದಿನಕ್ಕೆ ಹತ್ತು ಡಾಲರಿನ ಮೇಲೆ, ಉಳಿದ ಸಿಬ್ಬಂದಿಗೆಂದು ಇಟ್ಟ ಪೆಟ್ಟಿಗೆಗೆ ಸುಮಾರು ಅಷ್ಟೇ, ಅಂಬಿಗನಿಗೆ ಬೇರೆ. ಚಿಲ್ಲರೆ ಡಾಲರು, ಹರಿಯದ ಹೊಸ ನೋಟು ಊರಿನಿಂದಲೇ ತನ್ನಿ, ಇಲ್ಲಿಯ ಹಣ ಪುಲಾ ಆದರೂ ನಡೆಯುತ್ತದೆ. ಲಕೋಟೆ ಟೆಂಟಿನಲ್ಲಿರುತ್ತದೆ. ಬಟ್ಟೆ ಒಗೆದವರು, ನೀರು ಕಾಯಿಸಿದವರು ನಿಮ್ಮ ಕಣ್ಣಿಗೆ ಬಿದ್ದೇ ಇರುವುದಿಲ್ಲ, ಪೆಟ್ಟಿಗೆಯಲ್ಲಿ ಜಿಪುಣತನ ಬೇಡ.

ಕಾಡಿನಿಂದ ಗರಿ, ಮೂಳೆ, ಮುಳ್ಳುಹಂದಿಯ ಮುಳ್ಳು ಏನನ್ನೂ ಎತ್ತಿಕೊಂಡು ಬರಬೇಡಿ, ವಿಮಾನ ನಿಲ್ದಾಣದಲ್ಲಿ ಕಷ್ಟಕ್ಕಿಟ್ಟುಕೊಳ್ಳುತ್ತದೆ. ಕೊಳ್ಳುವುದಾದರೆ ಬುಟ್ಟಿ ಕೊಳ್ಳಿ. ಡೆಲ್ಟಾದ ಪಶ್ಚಿಮಕ್ಕಿರುವ ಎಟ್ಶಾ, ಗುಮಾರೆ ಊರುಗಳ ಹಂಬುಕುಷು, ಬಯೇಯಿ ಹೆಂಗಸರು ತಾಳೆಗರಿಯನ್ನು ಸೀಳಿ, ಬೇರು ತೊಗಟೆಗಳಲ್ಲಿ ಕಂದು ಬಣ್ಣ ಕಟ್ಟಿ ಹೆಣೆಯುವ ಬುಟ್ಟಿಗಳು ಮೌನ್‌ನ ಅಂಗಡಿಗಳಲ್ಲೂ ಸಿಗುತ್ತವೆ. ಒಂದು ದೊಡ್ಡ ಬುಟ್ಟಿಗೆ ವಾರಗಟ್ಟಲೆ ಕೆಲಸವಿದೆ, ಚೌಕಾಸಿಗೆ ಇಳಿಯಬೇಡಿ. ತೂಕ ಹೆಚ್ಚಿಲ್ಲ ಆದರೆ ಮಡಚಲಾಗುವುದಿಲ್ಲ. ಕ್ಯಾಂಪಿಗೆ ಹೋಗುವ ಮುಂಚೆ ಕೊಂಡರೆ ಪುಟ್ಟ ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ಕೂರಬೇಕಾಗುತ್ತದೆ. ಮೌನ್‌ಗೆ ವಾಪಸ್ ಬಂದು, ಜೊಹಾನ್ಸ್‌ಬರ್ಗ್ ವಿಮಾನಕ್ಕೆ ಕಾಯುವ ಹೊತ್ತಿನಲ್ಲಿ ಕೊಳ್ಳಿ. ಅಂಗಡಿಗಳು ನಿಲ್ದಾಣದ ಎದುರಿಗೇ ಇವೆ, ನಡೆದೇ ಹೋಗಬಹುದು.